ಪರದೆಗಿಂತ ಪೆಡಲ್ ಮೊದಲು

ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 40 ನಾಟಿಕಲ್ ಮೈಲಿ, ಅಂದರೆ 75 ಕಿಲೋಮೀಟರಿನ ಆಸುಪಾಸು. ನೂರು ನಾಟ್ ವೇಗದ ತರಬೇತಿ ವಿಮಾನಕ್ಕೆ ಅದು ಅರ್ಧ ತಾಸಿನೊಳಗಿನ ದಾರಿ. ಈ ಭಾಗದ ಹುಡುಗ ಹುಡುಗಿಯರಿಗೆ ವಿಮಾನ ಕಲಿಯುವುದೆಂದರೆ ಬಹುಕಾಲ ಬೆಂಗಳೂರಿನ ಜಕ್ಕೂರಿಗೆ ಹೋಗುವುದು ಎಂದೇ ಅರ್ಥವಿತ್ತು. 1949ರಷ್ಟು ಹಿಂದಿನ ಸರ್ಕಾರಿ ಹಾರಾಟ ಶಾಲೆ ಇರುವುದು ಅಲ್ಲೇ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಹಾರಾಟ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಮರುವರ್ಷದ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಬಂತು. ಹೀಗೆ ಆಕಾಶ ಮನೆಬಾಗಿಲಿಗೆ ಹತ್ತಿರವಾದಂತೆ, ವಿದ್ಯಾನಗರ, ಸಪ್ತಾಪುರದ ಮನೆಗಳಲ್ಲಿ ಹೊಸದೊಂದು ಪ್ರಶ್ನೆಯೂ ಹುಟ್ಟುತ್ತದೆ: ಪೈಲಟ್ ಆಗಬೇಕೆಂದಿರುವ ಮಗುವಿಗೆ ಮನೆಯಲ್ಲೊಂದು ಫ್ಲೈಟ್ ಸಿಮ್ಯುಲೇಟರ್ ಮಾಡಿಕೊಡಬೇಕೆ, ಮಾಡಿದರೆ ಎಂಥದ್ದು? ಅಂಗಡಿಯಲ್ಲಿ ಕೇಳಿದರೆ ಮಾತು ದೊಡ್ಡ ಪರದೆಯಿಂದ, ದುಬಾರಿ ಗ್ರಾಫಿಕ್ಸ್ ಕಾರ್ಡಿನಿಂದ ಶುರುವಾಗುತ್ತದೆ. ಆ ಮಾತನ್ನು ತಿರುಗಿಸಿ ಹಿಡಿಯಬೇಕು. ಕಣ್ಣಿಗೆ ಹಬ್ಬವಾಗುವ ಭಾಗಕ್ಕೆ ಕೊನೆಗೆ ಹಣ ಹಾಕಿ, ಕಾಲಿಗೂ ಕೈಗೂ ಕೆಲಸ ಕೊಡುವ ಭಾಗಕ್ಕೆ ಮೊದಲು ಹಾಕಬೇಕು. ಏಕೆಂದರೆ ಮನೆಯ ಸಿಮ್ಯುಲೇಟರಿನಿಂದ ನಿಜವಾದ ವಿಮಾನಕ್ಕೆ ದಾಟಿಹೋಗುವ ವಿದ್ಯೆ ಯಾವುದು, ದಾಟದೆ ಮನೆಯಲ್ಲೇ ಉಳಿಯುವುದು ಯಾವುದು ಎಂಬುದು ಸಾಕಷ್ಟು ಸ್ಪಷ್ಟವಾಗಿದೆ. ಹಣ ಹಿಂಬಾಲಿಸಬೇಕಾದ್ದು ದಾಟುವ ವಿದ್ಯೆಯನ್ನು.

ಮೊದಲಿಗೆ ಲೆಕ್ಕದ ಮಾತು. ವಾಣಿಜ್ಯ ಪೈಲಟ್ ಪರವಾನಗಿಗೆ, ಅಂದರೆ ಸಿಪಿಎಲ್‌ಗೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕೇಳುವುದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿದ್ಯಾರ್ಥಿಯೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ಹೊರಗಿನದೇನನ್ನೂ ನೋಡದೆ ಬರೀ ಉಪಕರಣಗಳ ಆಧಾರದಲ್ಲಿ ಹಾರುವ ಅಭ್ಯಾಸ 10 ಗಂಟೆ ಬೇಕು. ಆ ಹತ್ತರಲ್ಲಿ ಐದನ್ನು ಮೀರದಂತೆ ಸಿಮ್ಯುಲೇಟರಿನಲ್ಲಿ ಮಾಡಬಹುದು. ಆದರೆ ಆ ಸಿಮ್ಯುಲೇಟರ್ ನಿರ್ದೇಶನಾಲಯದ ಮಾನ್ಯತೆ ಪಡೆದದ್ದಾಗಿರಬೇಕು. ಮನೆಯ ಮೇಜಿನ ಮೇಲೆ ಸಾವಿರ ಗಂಟೆ ಹಾರಿದರೂ ಲಾಗ್‌ಬುಕ್ಕಿನಲ್ಲಿ ಬರೆಯಬಹುದಾದದ್ದು ಸೊನ್ನೆ. ಮಾರುವವರು ಈ ಮಾತನ್ನು ತಾವಾಗಿ ಹೇಳುವುದು ಕಡಿಮೆ. ಹಾಗಿದ್ದರೆ ಪ್ರಯೋಜನವೇನು? ಪ್ರಯೋಜನ ಗಂಟೆ ಗಳಿಸುವುದರಲ್ಲಿಲ್ಲ, ಗಂಟೆ ಪೋಲಾಗದಂತೆ ನೋಡಿಕೊಳ್ಳುವುದರಲ್ಲಿದೆ. ಒಂದೇ ಎಂಜಿನಿನ ಪುಟ್ಟ ವಿಮಾನದ ಒಂದು ಗಂಟೆಗೂ ಹತ್ತು ಸಾವಿರ ರೂಪಾಯಿಗೆ ಮೀರಿದ ಖರ್ಚಿದೆ. ಪ್ರೊಪೆಲ್ಲರ್ ತಿರುಗುತ್ತಿರುವಾಗ, ಯಾವ ಗುಂಡಿ ಎಲ್ಲಿದೆ, ಯಾವ ಹಂತದ ಮುಂದೆ ಯಾವ ಹಂತ ಎಂದು ತಡಕಾಡುತ್ತ ಕಳೆದ ಪ್ರತಿ ಐದು ನಿಮಿಷಕ್ಕೂ ಮನೆಯವರು ದುಡ್ಡು ಕಟ್ಟುತ್ತಾರೆ. ಆ ತಡಕಾಟವನ್ನು ಮನೆಯಲ್ಲೇ ಮುಗಿಸಿಕೊಂಡು ಹೋದರೆ ಇನ್ನೂರು ಗಂಟೆ ಇನ್ನೂರರಲ್ಲೇ ಮುಗಿದೀತು.

ಇದು ಹೊಸ ತರ್ಕವಲ್ಲ. ಸಿಮ್ಯುಲೇಟರಿನ ಕಥೆಯೇ ಹೀಗೆ ಶುರುವಾಗಿದ್ದು, ಮತ್ತು ಅದರಲ್ಲಿ ನಮ್ಮ ಕಡೆಯವರಿಗೆ ಆಪ್ತವೆನಿಸುವ ಒಂದು ವಿವರವಿದೆ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮೊದಲ ಹಾರಾಟ ತರಬೇತಿ ಯಂತ್ರವನ್ನು ಕಟ್ಟಿದಾಗ ಅದನ್ನು ಅತ್ತಿತ್ತ ವಾಲಿಸಲು ಬಳಸಿದ್ದು ಆರ್ಗನ್ ವಾದ್ಯದ ತಿದಿಗಳನ್ನು. ಅವನ ಅಪ್ಪನದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಪೇಟಿಗೆ ಉಸಿರು ಕೊಡುವುದೂ ಅದೇ ಜಾತಿಯ ತಿದಿ. ಪೈಲಟ್ ಕೋಲನ್ನು ಎಡಕ್ಕೆ ತಳ್ಳಿದರೆ ಒಂದು ಬದಿಯ ತಿದಿಗೆ ಗಾಳಿ ತುಂಬಿ ನೀಲಿ ಬಣ್ಣದ ಪೆಟ್ಟಿಗೆ ವಾಲುತ್ತಿತ್ತು. ಮೊದಮೊದಲು ಅದು ಮಾರಾಟವಾದದ್ದು ಮನರಂಜನೆಯ ಉದ್ಯಾನಗಳಿಗೆ, ಮಕ್ಕಳ ಆಟಿಕೆಯಾಗಿ. 1934ರಲ್ಲಿ ಅಮೆರಿಕದ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಿತ್ತು. ಮೋಡ, ಹಿಮದಲ್ಲಿ ಉಪಕರಣ ನೋಡಿ ಹಾರಿ ಗೊತ್ತಿಲ್ಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಸೇನೆ ಆರು ಲಿಂಕ್ ಪೆಟ್ಟಿಗೆಗಳನ್ನು ಕೊಂಡಿತು. ಗಮನಿಸಬೇಕಾದದ್ದು ಇಷ್ಟು: ಆ ಪೆಟ್ಟಿಗೆಯ ಮುಚ್ಚಳ ಹಾಕಿದರೆ ಒಳಗೆ ಕೂತವನಿಗೆ ಹೊರಗಿನ ನೋಟವೇ ಇರಲಿಲ್ಲ. ಭೂದೃಶ್ಯವಿಲ್ಲ, ಮೋಡವಿಲ್ಲ, ಸೂರ್ಯಾಸ್ತವಿಲ್ಲ; ಕೆಲವು ಉಪಕರಣಗಳು, ಒಂದು ಕೋಲು, ಎರಡು ಪೆಡಲ್. ಎರಡನೇ ಮಹಾಯುದ್ಧದ ಲಕ್ಷಾಂತರ ಪೈಲಟ್‌ಗಳು ಪಳಗಿದ್ದು ಅದರಲ್ಲೇ.

ಮುಂದೆ ಇದನ್ನು ಅಳೆದು ನೋಡಿದವರೂ ಇದ್ದಾರೆ. ಇಲಿನಾಯ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರಾಸ್ಕೋ 1971ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು: ಸಿಮ್ಯುಲೇಟರಿನ ಒಂದು ಗಂಟೆ ನಿಜವಾದ ಹಾರಾಟದ ಎಷ್ಟನ್ನು ಉಳಿಸುತ್ತದೆ? ಮೊದಲ ಗಂಟೆ ಬಹಳ ಉಳಿಸುತ್ತದೆ, ಎರಡನೆಯದು ಸ್ವಲ್ಪ ಕಡಿಮೆ, ಹೀಗೆ ಇಳಿಯುತ್ತ ಹೋಗಿ ಒಂದು ಹಂತದ ನಂತರ ಉಳಿತಾಯ ನಗಣ್ಯ ಎಂಬುದು ಅವರ ವಾದದ ತಿರುಳು. ಅದೇ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹೆನ್ರಿ ಟೇಲರ್ ಮತ್ತು ಸಂಗಡಿಗರು ಸಾಮಾನ್ಯ ಕಂಪ್ಯೂಟರಿನ ಮೇಲೆ ಓಡುವ ತರಬೇತಿ ಸಾಧನವನ್ನೇ ಪರೀಕ್ಷೆಗೆ ಒಡ್ಡಿದರು. ಉಪಕರಣ ಹಾರಾಟದ ಹೊಸ ಪಾಠವನ್ನು ಮೊದಲು ಕಂಪ್ಯೂಟರಿನಲ್ಲಿ ಕಲಿತವರಿಗೆ ವಿಮಾನದಲ್ಲಿ ಒಳ್ಳೆಯ ಉಳಿತಾಯವಾಯಿತು. ಆಗಲೇ ಬಂದ ಪಾಠವನ್ನು ಮತ್ತೆ ಮತ್ತೆ ತಿರುವಿ ಹಾಕಿದಾಗ ಲಾಭ ಅಷ್ಟಕ್ಕಷ್ಟೆ. 1997ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಉಪಕರಣ ಹಾರಾಟದ ಅರ್ಹತೆಗೆ ಇಂಥ ಮಾನ್ಯ ಸಾಧನಗಳ 10 ಗಂಟೆಗಳನ್ನು ಒಪ್ಪಿಕೊಂಡಿತು, ಅದೂ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರಬೇಕೆಂಬ ಷರತ್ತಿನ ಮೇಲೆ. ಮನೆಯ ಸಿಮ್ಯುಲೇಟರ್ ಹೊಸ ಪಾಠಕ್ಕೆ ಒದಗುವ ಪೂರ್ವಸಿದ್ಧತೆಯೇ ಹೊರತು ಗಂಟೆಗಟ್ಟಲೆ ಕೂರುವ ಜಾಗವಲ್ಲ ಎಂಬುದಕ್ಕೆ ಇವೆಲ್ಲ ಸಾಕ್ಷಿ.

ನಮ್ಮ ಕಡೆ ಇದಕ್ಕೆ ಸರಿಯಾದ ಮಾತೇ ಇದೆ: ತಾಲೀಮು. ಸಣ್ಣಾಟವಿರಲಿ, ಕಂಪನಿ ನಾಟಕವಿರಲಿ, ತಾಲೀಮಿಗೆ ರಂಗದ ಪರದೆ ಬೇಕಿಲ್ಲ, ಬಣ್ಣ ಬೇಕಿಲ್ಲ, ಕಿರೀಟ ಬೇಕಿಲ್ಲ. ಮಾತು ಬಾಯಿಗೆ ಬರಬೇಕು, ಹೆಜ್ಜೆ ಕಾಲಿಗೆ ಬರಬೇಕು, ತಪ್ಪಿದಾಗ ಗದರುವ ಪೇಟಿ ಮಾಸ್ತರರು ಎದುರಿಗಿರಬೇಕು. ಹಾರಾಟ ಶಾಲೆಗಳ ಅನೇಕ ಇನ್‌ಸ್ಟ್ರಕ್ಟರ್‌ಗಳು ಮನೆಯ ಸಿಮ್ಯುಲೇಟರನ್ನು ಕಂಡರೆ ಮುಖ ಸಿಂಡರಿಸುವುದು ಈ ಕೊನೆಯದು ಅಲ್ಲಿಲ್ಲವೆಂಬ ಕಾರಣಕ್ಕೆ, ಮತ್ತು ಅವರ ಆಕ್ಷೇಪ ಹಗುರವಾದುದಲ್ಲ. ವರ್ಷಗಟ್ಟಲೆ ಪರದೆಯ ಮುಂದೆ ಹಾರಿದ ಹುಡುಗ ವಿಮಾನ ಹತ್ತಿದರೆ ಕಣ್ಣನ್ನು ಉಪಕರಣಗಳಿಂದ ಕೀಳುವುದೇ ಇಲ್ಲ. ಮೊದಲ ಪಾಠಗಳಲ್ಲಿ ನೋಡಬೇಕಾದದ್ದು ಹೊರಗಿನ ದಿಗಂತವನ್ನು, ಸುತ್ತ ಬೇರೆ ವಿಮಾನವಿದೆಯೇ ಎಂಬುದನ್ನು. ನೆಲ ಮುಟ್ಟುವ ಮುನ್ನ ಮೂಗನ್ನು ನಯವಾಗಿ ಎತ್ತುವ ಕೊನೆಯ ಕೆಲವು ಸೆಕೆಂಡುಗಳು ಪರದೆಯ ಮೇಲೆ ಎಂದೂ ಸರಿಯಾಗಿ ಬರುವುದಿಲ್ಲ, ಏಕೆಂದರೆ ಆಗ ಎತ್ತರ ತಿಳಿಸುವುದು ಕಣ್ಣಂಚಿನಲ್ಲಿ ಹಿಗ್ಗುವ ನೆಲ. ಪುಟ್ಟ ವಿಮಾನದ ಯೋಕಿನಲ್ಲಿ, ಅಂದರೆ ಕೈಯ ಹಿಡಿಚಕ್ರದಲ್ಲಿ, ವೇಗ ಹೆಚ್ಚಿದಂತೆ ಭಾರ ಹೆಚ್ಚುತ್ತದೆ, ಟ್ರಿಮ್ ಚಕ್ರ ತಿರುಗಿಸಿದಾಗ ಆ ಭಾರ ಇಳಿಯುತ್ತದೆ. ಮನೆಯ ಯೋಕಿನ ಸ್ಪ್ರಿಂಗಿಗೆ ಅದ್ಯಾವುದೂ ತಿಳಿಯದು. ಒಪ್ಪೋಣ. ಆದರೆ ಈ ಆಕ್ಷೇಪ ಹೇಳುವುದು ಸಿಮ್ಯುಲೇಟರ್ ಬೇಡವೆಂದಲ್ಲ. ಇಳಿಯುವುದನ್ನು ಅದರಲ್ಲಿ ಕಲಿಯಬೇಡ ಎಂದು. ಇಳಿಯುವ ಸೊಬಗಿಗಾಗಿಯೇ ಮೂರು ಪರದೆ ಜೋಡಿಸುವವರು ಈ ಸಾಧನ ಎಲ್ಲಿ ಅತ್ಯಂತ ದುರ್ಬಲವೋ ಅಲ್ಲಿಗೇ ಹಣ ಸುರಿಯುತ್ತಾರೆ.

ದೇಹಕ್ಕೆ ಕುಲುಕಾಟ ತಾಗುವುದಿಲ್ಲ, ಆದ್ದರಿಂದ ಮನೆಯ ಸಿಮ್ಯುಲೇಟರ್ ಸುಳ್ಳು ಎಂಬ ಇನ್ನೊಂದು ವಾದವಿದೆ. ಅದು ಅರ್ಧ ಮಾತ್ರ ನಿಜ. ಮೋಡದೊಳಗೆ ಹೊಕ್ಕ ಪೈಲಟ್‌ಗೆ ಒಳಗಿವಿ ಸುಳ್ಳು ಹೇಳುತ್ತದೆ. ವಿಮಾನ ವಾಲಿದ್ದರೂ ನೆಟ್ಟಗಿದೆ ಎನ್ನುತ್ತದೆ, ನೆಟ್ಟಗಿದ್ದರೆ ವಾಲಿದೆ ಎನ್ನುತ್ತದೆ. ಅಲ್ಲಿ ಬದುಕಿಸುವುದು ದೇಹವನ್ನು ನಂಬದೆ ಉಪಕರಣವನ್ನು ನಂಬುವ ಅಭ್ಯಾಸ. ಅಲುಗದ ಕುರ್ಚಿಯಲ್ಲಿ ಉಪಕರಣ ಓದುವ ಕ್ರಮ ಕಲಿಯಬಹುದು. ದೇಹದ ಸುಳ್ಳನ್ನು ಧಿಕ್ಕರಿಸುವುದು ಮಾತ್ರ ಆಕಾಶದಲ್ಲೇ ಬರಬೇಕು.

ಇನ್ನು ಕೊಳ್ಳುವ ವಿಷಯ. ಮೊದಲ ಖರೀದಿ ರಡ್ಡರ್ ಪೆಡಲ್ ಆಗಬೇಕು. ತರಬೇತಿ ವಿಮಾನದ ಪ್ರೊಪೆಲ್ಲರ್ ಪೈಲಟ್ ಕೂತಲ್ಲಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಪೂರ್ತಿ ಶಕ್ತಿ ಕೊಟ್ಟು ಮೇಲೇರುವಾಗ ಮೂಗು ಎಡಕ್ಕೆ ಎಳೆಯುತ್ತದೆ. ಬಲಗಾಲು ಒತ್ತಿ ಅದನ್ನು ತಡೆಯಬೇಕು. ನೆಲದ ಮೇಲೆ ವಿಮಾನ ತಿರುಗಿಸುವುದೂ ಕಾಲಿನಿಂದಲೇ. ಕಾರು ಓಡಿಸಿ ಬಂದವರು ಮೊದಲ ದಿನ ಯೋಕನ್ನು ಸ್ಟೀರಿಂಗಿನಂತೆ ತಿರುಗಿಸಿ, ವಿಮಾನ ತಿರುಗದೆ ಪೆಚ್ಚಾಗುತ್ತಾರೆ. ಕಾಲಿನ ಈ ವಿದ್ಯೆ ಬರೀ ಜಾಯ್‌ಸ್ಟಿಕ್ ತಿರುಚುವುದರಿಂದ ಬರುವುದಿಲ್ಲ. ಕಾಲನ್ನು ಮರೆತು ಹಾರಲು ಅನುಕೂಲವಾಗಲೆಂದು ಸಾಫ್ಟ್‌ವೇರಿನಲ್ಲಿ ತಾನೇ ರಡ್ಡರ್ ಹಾಕುವ ಸಹಾಯದ ಸೌಲಭ್ಯವೂ ಇರುತ್ತದೆ. ವಿದ್ಯಾರ್ಥಿ ಪೈಲಟ್ ಮೊದಲ ದಿನವೇ ಮುಚ್ಚಬೇಕಾದ ಗುಂಡಿ ಅದು. ಪೆಡಲ್ ನೆಲದ ಟೈಲ್ಸಿನ ಮೇಲೆ ಜಾರಿದರೆ ಅಭ್ಯಾಸ ಕೆಡುತ್ತದೆ. ಕೆಳಗೊಂದು ರಬ್ಬರ್ ಹಾಸು ಹಾಕಿ ಹಿಂದೆ ಗೋಡೆಗೆ ಒತ್ತುವಂತೆ ಹಲಗೆ ಕೊಟ್ಟರೆ ಸಾಕು, ಬಡಗಿಗೆ ಅರ್ಧ ದಿನದ ಕೆಲಸ.

ಎರಡನೆಯದು ಕೈಯ ಸಾಧನ, ಮತ್ತು ಇಲ್ಲಿ ಆತುರ ಬೇಡ. ಸೆಸ್ನಾ 152, 172ರಲ್ಲಿ ಇರುವುದು ಯೋಕ್. ಎಡಗೈ ಯೋಕಿನ ಮೇಲೆ, ಬಲಗೈ ಥ್ರಾಟಲಿನ ಮೇಲೆ. ಡೈಮಂಡ್ ಡಿಎ40, ಟೆಕ್ನಾಮ್ ಪಿ2008 ಮುಂತಾದವುಗಳಲ್ಲಿ ತೊಡೆಯ ನಡುವೆ ಕೋಲು. ಯಾವ ಶಾಲೆ, ಆ ಶಾಲೆಯಲ್ಲಿ ಯಾವ ವಿಮಾನ ಎಂದು ನಿಶ್ಚಯವಾಗದೆ ಯೋಕ್ ಕೊಂಡರೆ, ಹೆಣ್ಣು ಗಂಡು ಗೊತ್ತಾಗುವ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ. ಲಾಜಿಟೆಕ್ಕಿನ ಯೋಕ್, ಹನಿಕೋಂಬ್ ಆಲ್ಫಾ, ಥ್ರಸ್ಟ್‌ಮಾಸ್ಟರಿನ ಜಾಯ್‌ಸ್ಟಿಕ್ಕುಗಳು ಎಲ್ಲವೂ ಕೆಲಸ ಮಾಡುತ್ತವೆ. ಹನಿಕೋಂಬಿನಲ್ಲಿ ಮ್ಯಾಗ್ನೆಟೊ ಕೀಲಿ, ಬ್ಯಾಟರಿ ಸ್ವಿಚ್ಚುಗಳು ಯೋಕಿನ ಬುಡದಲ್ಲೇ ಇರುವುದು ಸೆಸ್ನಾ ಕಲಿಯುವವರಿಗೆ ನಿಜವಾದ ಅನುಕೂಲ. ಥ್ರಾಟಲಿಗೆ ಹೋದರೆ ಏರ್‌ಬಸ್ಸಿನ ಚಂದದ ಸನ್ನೆಗೋಲುಗಳಿಗೆ ಮಾರುಹೋಗುವವರೇ ಹೆಚ್ಚು. ಸೆಸ್ನಾದಂಥ ವಿಮಾನದಲ್ಲಿ ಮೊದಲ ಇನ್ನೂರು ಗಂಟೆಗೆ ಬೇಕಾದದ್ದು ಥ್ರಾಟಲ್ ಜೊತೆಗೆ ಮಿಕ್ಸ್ಚರ್, ಅಂದರೆ ಎಂಜಿನಿಗೆ ಹೋಗುವ ಇಂಧನ-ಗಾಳಿಯ ಹದ ತಿದ್ದುವ ಸನ್ನೆ. ಏರ್‌ಬಸ್ಸಿನಲ್ಲಿ ಅದು ಇಲ್ಲವೇ ಇಲ್ಲ.

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್-ಪ್ಲೇನ್ 12 ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಅದರ ಡೆಮೊ ಉಚಿತ. 2024ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಭೂದೃಶ್ಯವನ್ನು ಇಂಟರ್ನೆಟ್ಟಿನಿಂದ ಹರಿಸಿಕೊಳ್ಳುತ್ತದೆ. ಉಣಕಲ್ ಕೆರೆ, ನೃಪತುಂಗ ಬೆಟ್ಟಗಳನ್ನು ಮೇಲಿಂದ ಗುರುತಿಸುವ ಆಸೆಯಿದ್ದವರಿಗೆ ಅದು ಚಂದ, ಆದರೆ ಕನಿಷ್ಠ 16 ಜಿಬಿ, ಹಾಯಾಗಿ ನಡೆಯಲು 32 ಜಿಬಿ ಮೆಮೊರಿ ಕೇಳುತ್ತದೆ. ಹಳೆಯ ಲ್ಯಾಪ್‌ಟಾಪ್ ಮಾತ್ರ ಇರುವವರಿಗೆ ಫ್ಲೈಟ್‌ಗೇರ್ ಇದೆ, ಪೂರ್ತಿ ಉಚಿತ. ಪರದೆ ಒಂದೇ ಸಾಕು, ಉಪಕರಣದ ಅಂಕಿಗಳು ಬಾಗದೆ ಕೂತಲ್ಲಿಂದಲೇ ಓದಿಸಿಕೊಂಡರಾಯಿತು. ತಲೆಗೆ ಕಟ್ಟುವ ವಿಆರ್ ಕನ್ನಡಕ ಸುತ್ತ ತಿರುಗಿ ನೋಡುವ ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಅದನ್ನು ಹಾಕಿಕೊಂಡವನಿಗೆ ತೊಡೆಯ ಮೇಲಿನ ಚೆಕ್‌ಲಿಸ್ಟ್, ಕೈಯಲ್ಲಿನ ಪೆನ್ಸಿಲ್, ನಕ್ಷೆ ಯಾವುದೂ ಕಾಣುವುದಿಲ್ಲ, ಮತ್ತು ವಿದ್ಯಾರ್ಥಿಯ ಕೆಲಸವೆಲ್ಲ ಇರುವುದು ಅಲ್ಲೇ. ಹೆಸ್ಕಾಂ ಕರೆಂಟನ್ನು ನಂಬಿ ಕೂರುವವರು ಗ್ರಾಫಿಕ್ಸ್ ಕಾರ್ಡಿಗೆ ಮೊದಲು ಯುಪಿಎಸ್ ಕೊಳ್ಳುವುದು ಮೇಲು.

ಇಷ್ಟು ಜೋಡಿಸಿದ ಮೇಲೆ ಏನು ಮಾಡಬೇಕು ಎಂಬಲ್ಲಿ ಈ ಸಾಧನದ ನಿಜವಾದ ಬೆಲೆ ಗೊತ್ತಾಗುತ್ತದೆ. ಹುಬ್ಬಳ್ಳಿ-ಬೆಳಗಾವಿ ದಾರಿಯನ್ನೇ ತೆಗೆದುಕೊಳ್ಳಿ. ದಿಕ್ಕು ವಾಯವ್ಯ, ಸುಮಾರು 318 ಡಿಗ್ರಿ. ಗಾಳಿಯಿಲ್ಲದ ದಿನ ನೂರು ನಾಟ್ ವೇಗಕ್ಕೆ 24 ನಿಮಿಷ. ಈಗ ಸಿಮ್ಯುಲೇಟರಿನ ಹವಾಮಾನದಲ್ಲಿ 250 ಡಿಗ್ರಿಯಿಂದ, ಅಂದರೆ ನೈಋತ್ಯ-ಪಶ್ಚಿಮದಿಂದ, 20 ನಾಟ್ ಗಾಳಿ ಬಿಡಿ. ತಿದ್ದದೆ ಮೂಗನ್ನು 318ಕ್ಕೇ ಹಿಡಿದು ಹೋದವನು 24 ನಿಮಿಷದ ಕೊನೆಗೆ ಹಾದಿಯಿಂದ ಹದಿಮೂರು ಕಿಲೋಮೀಟರಿಗೂ ಹೆಚ್ಚು ಬಲಕ್ಕೆ ಸರಿದಿರುತ್ತಾನೆ. ಮೂಗನ್ನು ಸುಮಾರು 11 ಡಿಗ್ರಿ ಎಡಕ್ಕೆ, ಗಾಳಿಯತ್ತ ತಿರುಗಿಸಬೇಕು. ಆಗ ನೆಲದ ಮೇಲಿನ ವೇಗ 91 ನಾಟಿಗೆ ಇಳಿದು ದಾರಿ 26 ನಿಮಿಷಕ್ಕೆ ಬೆಳೆಯುತ್ತದೆ. ಏರ್ ನ್ಯಾವಿಗೇಶನ್ ಪರೀಕ್ಷೆಗೆ ಕಾಗದದ ಮೇಲೆ ಬಿಡಿಸುವ ತ್ರಿಕೋನ ಇದೇ. ಸಿಮ್ಯುಲೇಟರಿನಲ್ಲಿ ಅದು ಕೆಳಗೆ ಹಾಯುವ ಊರುಗಳಾಗುತ್ತದೆ: ಧಾರವಾಡ ದಾಟಿತೆ, ಕಿತ್ತೂರು ಎಷ್ಟನೇ ನಿಮಿಷಕ್ಕೆ ಬಂತು, ಎಂ.ಕೆ. ಹುಬ್ಬಳ್ಳಿಯ ಬಳಿ ಹೆದ್ದಾರಿ ಮಲಪ್ರಭೆಯನ್ನು ದಾಟುವ ಸೇತುವೆ ರೆಕ್ಕೆಯ ಯಾವ ಬದಿಗಿದೆ? ಸೇತುವೆ ಇರಬೇಕಾದ ಕಡೆ ಇಲ್ಲವೆಂದರೆ ಗಾಳಿಯ ಲೆಕ್ಕ ತಪ್ಪಿದೆ. ಅಲ್ಲೇ ಸಿಮ್ಯುಲೇಟರನ್ನು ನಿಲ್ಲಿಸಿ, ಪೆನ್ಸಿಲ್ ಹಿಡಿದು, ತಪ್ಪು ಹುಡುಕಿ ಮತ್ತೆ ಹಾರಬಹುದು. ನಿಜವಾದ ಆಕಾಶದಲ್ಲಿ ಯಾರೂ ವಿಮಾನವನ್ನು ನಿಲ್ಲಿಸಿ ಯೋಚಿಸಲಾರರು.

ಇನ್ನೊಂದು ಪಾಠ ಬೇಸಿಗೆಯದು. ಹುಬ್ಬಳ್ಳಿಯ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಸೆಲ್ಸಿಯಸ್ ಇದ್ದಾಗ ಕಾದ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನಕ್ಕೆ ತಾನು 5,300 ಅಡಿಯ ಬೆಟ್ಟದ ಮೇಲಿಂದ ಏಳುತ್ತಿದ್ದೇನೆ ಎನಿಸುತ್ತದೆ. ಇದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಸೆಸ್ನಾ 172ಎಸ್ ಸಮುದ್ರಮಟ್ಟದ ತಂಪು ಗಾಳಿಯಲ್ಲಿ 300 ಮೀಟರಿನೊಳಗೆ ನೆಲ ಬಿಡುತ್ತದೆ. ಇಲ್ಲಿ ಆ ಓಟ ಅದರ ಒಂದೂವರೆ ಪಟ್ಟಿನ ಹತ್ತಿರ ಹೋಗಬಲ್ಲದು. ಎರಡೂವರೆ ಕಿಲೋಮೀಟರಿಗೆ ಮೀರಿದ ಹುಬ್ಬಳ್ಳಿಯ ರನ್‌ವೇಯಲ್ಲಿ ಅದು ಅಪಾಯವಲ್ಲ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮೇ ಸಾಕಾದೀತು. ಚಿಕ್ಕ ರನ್‌ವೇಯಲ್ಲಿ ಮಾತ್ರ ಅದು ಜೀವದ ಪ್ರಶ್ನೆ. ಒಂದೇ ವಿಮಾನ, ಒಂದೇ ಭಾರ, ಒಮ್ಮೆ ಡಿಸೆಂಬರಿನ ನಸುಕು, ಒಮ್ಮೆ ಏಪ್ರಿಲಿನ ಮಧ್ಯಾಹ್ನ: ಹತ್ತು ನಿಮಿಷದಲ್ಲಿ ಎರಡನ್ನೂ ಹಾರಿ ಓಟ ಅಳೆದವನಿಗೆ ಪುಸ್ತಕದ ಕೋಷ್ಟಕ ಆಮೇಲೆ ಮರೆಯುವುದಿಲ್ಲ.

ರೇಡಿಯೊ ಮಾತಿನ ಅಭ್ಯಾಸವನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಗದಗ, ಹಾವೇರಿ, ಧಾರವಾಡದ ಕನ್ನಡ ಶಾಲೆಗಳಿಂದ ಬಂದವರಿಗೆ ಭೌತಶಾಸ್ತ್ರ ತೊಡಕಲ್ಲ, ಗಣಿತವೂ ಅಲ್ಲ. ಟವರಿನ ವೇಗದ ಇಂಗ್ಲಿಷನ್ನು ಒಮ್ಮೆಗೇ ಕೇಳಿಸಿಕೊಂಡು, ಅಂಕಿಗಳನ್ನು ಬರೆದುಕೊಂಡು, ತಪ್ಪದೆ ಮರಳಿ ಹೇಳುವುದು ತೊಡಕು. ವ್ಯಾಟ್‌ಸಿಮ್ ಎಂಬ ಜಾಲದಲ್ಲಿ ಸ್ವಯಂಸೇವಕರು ನಿಯಂತ್ರಕರಾಗಿ ಕೂತು ಸಿಮ್ಯುಲೇಟರ್ ಪೈಲಟ್‌ಗಳೊಂದಿಗೆ ನಿಜವಾದ ಪದ್ಧತಿಯಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ. ಮೈಕ್ ಇರುವ ಸಾಧಾರಣ ಹೆಡ್‌ಸೆಟ್ ಸಾಕು. ಅಲ್ಲಿ ತಪ್ಪಿದರೆ ಆಗುವುದು ನಾಚಿಕೆ ಮಾತ್ರ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ಭಾಗ ಅತ್ಯಂತ ಹೆಚ್ಚು ಫಲ ಕೊಡುವುದು ಬಹುಶಃ ಇಲ್ಲೇ.

ಇಷ್ಟಕ್ಕೂ ಹಣವೇ ಇಲ್ಲದವರ ಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಸಿಮ್ಯುಲೇಟರ್ ಇಲ್ಲದೆ ಸಾವಿರಾರು ಪೈಲಟ್‌ಗಳು ಆಗಿದ್ದಾರೆ, ಆಗುತ್ತಾರೆ. ತಮ್ಮ ವಿಮಾನದ ಕಾಕ್‌ಪಿಟ್ಟಿನ ಚಿತ್ರವನ್ನು ನಿಜವಾದ ಅಳತೆಗೆ ಮುದ್ರಿಸಿ ಗೋಡೆಗೆ ಹಚ್ಚಿ, ಎದುರು ಕುರ್ಚಿ ಹಾಕಿಕೊಂಡು, ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದುತ್ತ ಕೈ ಮುಟ್ಟಿಸುವ ಕುರ್ಚಿ-ಹಾರಾಟ ಎಲ್ಲ ದೇಶದ ಹಾರಾಟ ಶಾಲೆಗಳಲ್ಲೂ ಇದೆ. ಪೆಡಲ್ ಇಲ್ಲದ ದುಬಾರಿ ಗೇಮಿಂಗ್ ಕಂಪ್ಯೂಟರಿಗಿಂತ ಈ ಪೋಸ್ಟರ್ ಹೆಚ್ಚು ಕಲಿಸುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇದು ಆಟವಾಗಿ ಓದು ಹಾಳಾಗುವುದಿಲ್ಲವೇ ಎಂದು ಕೇಳುವ ಪಾಲಕರಿಗೂ ಉತ್ತರ ಇಲ್ಲೇ ಇದೆ. ಕೂರುವ ಮೊದಲು ಇವತ್ತಿನ ಪಾಠ ಯಾವುದೆಂದು ಒಂದು ಸಾಲು ಬರೆದಿಟ್ಟಿದ್ದರೆ ಅದು ತಾಲೀಮು; ಬರೆದಿಡದಿದ್ದರೆ ಆಟ. ಎರಡಕ್ಕೂ ಯಂತ್ರ ಒಂದೇ.

ಇನ್ನು ಯಾವಾಗ ಕೊಳ್ಳುವುದು? ಪಿಯುಸಿಯ ನಂತರದ ರಜೆಯಲ್ಲಂತೂ ಅಲ್ಲ. ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ. ಕಣ್ಣಿನ ಬಣ್ಣಗುರುಡು ಅಲ್ಲಿ ಹೊರಬಿದ್ದರೆ ಪೆಡಲ್, ಯೋಕ್ ಎಲ್ಲವೂ ದಂಡ. ಆಮೇಲೆ ಶಾಲೆ, ಆಮೇಲೆ ವಿಮಾನ. ಮೊದಲ ಹತ್ತು ಗಂಟೆ ಆಕಾಶದಲ್ಲೇ ಕಳೆದು, ಕಣ್ಣು ಹೊರಗಿಡುವ ರೂಢಿ ಬಿದ್ದ ಮೇಲೆ ಮನೆಯ ಸಿಮ್ಯುಲೇಟರ್ ಹಾಕಿದರೆ ಇನ್‌ಸ್ಟ್ರಕ್ಟರರ ಆಕ್ಷೇಪಕ್ಕೂ ಉತ್ತರ ಸಿಗುತ್ತದೆ. ಯಾವುದು ಬರುತ್ತಿಲ್ಲವೆಂದು ಅವರೇ ಹೇಳಿಯಾರು, ಅದನ್ನೇ ಸಂಜೆ ತಿದ್ದಬಹುದು. ಅಷ್ಟರಲ್ಲಿ ಸಿಪಿಎಲ್ ಮುಗಿಸಿದ ಹಿರಿಯ ವಿದ್ಯಾರ್ಥಿಗಳ ಪರಿಚಯವೂ ಆಗಿರುತ್ತದೆ, ಅವರಲ್ಲಿ ಕೆಲವರ ಪೆಡಲ್ ಮೂಲೆ ಸೇರಿರುತ್ತದೆ. ಹಳೆಯದನ್ನು ಕೊಳ್ಳಲು ಸಂಕೋಚ ಬೇಡ. ಕಂಪ್ಯೂಟರಿಗೆ ಜೋಡಿಸಿ, ಎರಡೂ ಪೆಡಲನ್ನು ಕೊನೆಯವರೆಗೆ ನಿಧಾನ ಒತ್ತಿ ಬಿಟ್ಟು, ಪರದೆಯ ಮೇಲಿನ ಗುರುತು ಅದುರದೆ ನಡುವಿಗೆ ಮರಳಿ ನಿಲ್ಲುತ್ತದೆಯೇ ಎಂದು ನೋಡಿದರೆ ಸಾಕು. ನಡುವಿನಲ್ಲಿ ಅದು ಕುಣಿಯುತ್ತಿದ್ದರೆ ಒಳಗಿನ ಸೆನ್ಸರ್ ಸವೆದಿದೆ. ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟು ಬನ್ನಿ.